ಹೊತ್ತು ಮುಳುಗುವ ಮುಂಚಿನ ಪರೋಟ

ನಮ್ಮ ಸೋದರಮಾವನಿಗೂ ಸೂರ್ಯನಿಗೂ ಈ ವರ್ಷ ಮನಸ್ತಾಪ ಬಂದಿತ್ತು. ನಗಬೇಡಿ! ಚನ್ನರಾಯಪಟ್ಟಣದಲ್ಲಿ ಜವಳಿ ಅಂಗಡಿ ಇಟ್ಟುಕೊಂಡು, ಬಂದವರಿಗೆಲ್ಲ ಸೀರೆ ಬಿಚ್ಚಿ ತೋರಿಸಿ, ಕೊಳ್ಳದೆ ಹೋದವರ ಬೆನ್ನ ಹಿಂದೆ ಅದನ್ನೇ ಮಡಿಸಿಟ್ಟು ಅರವತ್ತು ದಾಟಿದ ಸಾಧು ಮನುಷ್ಯ ಅವರು. ಚೌಕಾಸಿ ಮಾಡುವವರ ಮೇಲೂ ಅವರಿಗೆ ಸಿಟ್ಟು ಬಂದದ್ದಿಲ್ಲ. ಅಂಥವರು ಜಗಳ ಕಾಯಲು ಯಾರನ್ನಾದರೂ ಆರಿಸಿಕೊಳ್ಳಬೇಕಲ್ಲ, ನೇರವಾಗಿ ಸೂರ್ಯನನ್ನೇ ಆರಿಸಿಕೊಂಡರು. ಕಾರಣ ಏನು ಗೊತ್ತೆ? ಪರೋಟ!

ನಾವು ಜೈನರು. ಹೊತ್ತು ಮುಳುಗಿದ ಮೇಲೆ ನಮ್ಮ ಮನೆಗಳಲ್ಲಿ ಊಟವಿಲ್ಲ. ಪರೋಟದ ಗಾಡಿಯವರೋ ಹೊತ್ತು ಮುಳುಗಿದ ಮೇಲೆಯೇ ಒಲೆ ಹಚ್ಚುತ್ತಾರೆ. ಹೀಗಾಗಿ ನಾವೂ ಪರೋಟವೂ ಒಂದೇ ಊರಿನಲ್ಲಿದ್ದು ಒಂದು ದಿನವೂ ಮುಖಾಮುಖಿಯಾಗಿರಲಿಲ್ಲ. ಮಾವನ ಅಂಗಡಿಯ ಎದುರಿಗೇ ಒಂದು ಗಾಡಿ ನಿಲ್ಲುತ್ತದೆ. ದಿನಾ ಸಂಜೆ ಅದರ ವಾಸನೆ, ಏನೂ ಕೊಳ್ಳದ ಗಿರಾಕಿಯ ಹಾಗೆ, ಅಂಗಡಿಯೊಳಗೆ ಬಂದು ಗಾದಿಯ ಮೇಲೆ ಕೂತು ಬಾಗಿಲು ಹಾಕುವವರೆಗೂ ಏಳುವುದಿಲ್ಲ. ಮಾವ ಅದನ್ನೂ ತಾಳ್ಮೆಯಿಂದಲೇ ಸಹಿಸಿಕೊಂಡಿದ್ದರು.

ಎಡವಟ್ಟಾದದ್ದು ಅತ್ತೆಯಿಂದ. ಒಂದು ಸಂಜೆ ಯಾವುದೋ ಮದುವೆಗೆ ರವಿಕೆ ಬಟ್ಟೆ ಬೇಕೆಂದು ಅಂಗಡಿಗೆ ಬಂದ ಅತ್ತೆ, ಎದುರಿನ ಗಾಡಿಯವನು ಹಿಟ್ಟನ್ನು ಬೀಸಿ ಬೀಸಿ ಅರಿವೆಯಂತೆ ತೆಳ್ಳಗೆ ಮಾಡಿ ನೆರಿಗೆ ಹಿಡಿಯುವುದನ್ನು ನೋಡುತ್ತ ನಿಂತುಬಿಟ್ಟರು. ಆಮೇಲೆ, "ತಿನ್ನೋಕೆ ಹೆಂಗಿರುತ್ತೋ ಏನೋ" ಅಂದರು. ಅಷ್ಟೇ. ಆದರೆ ನಮ್ಮ ಅತ್ತೆ ಮದುವೆಯಾದಾಗಿನಿಂದ ಇದು ಬೇಕು, ಅದು ಬೇಕು ಎಂದು ಬಾಯಿಬಿಟ್ಟವರಲ್ಲ. ಜವಳಿ ವ್ಯಾಪಾರಿಯ ಹೆಂಡತಿಯಾಗಿಯೂ ಸೀರೆ ಕೇಳದ ಹೆಂಗಸು ಪರೋಟದ ಬಗ್ಗೆ ಕೇಳಿದ್ದಾಳೆ ಎಂದರೆ! ಮಾವನಿಗೆ ಆ ರಾತ್ರಿ ನಿದ್ದೆ ಬರಲಿಲ್ಲವಂತೆ.

ಇನ್ನೊಂದು ತೊಡಕೂ ಇತ್ತು. ಈ ಸಲದ ಚಾತುರ್ಮಾಸದಲ್ಲಿ ಮೈದಾ ಬಿಡುತ್ತೇನೆಂದು ಅತ್ತೆ ಆಗಲೇ ಹೇಳಿಬಿಟ್ಟಿದ್ದರು. ಮಳೆಗಾಲದ ಆ ನಾಲ್ಕು ತಿಂಗಳು ಇಷ್ಟದ ಯಾವುದಾದರೂ ಒಂದು ಪದಾರ್ಥವನ್ನು ಬಿಡುವ ನಿಯಮ ತೆಗೆದುಕೊಳ್ಳುವುದು ನಮ್ಮವರಲ್ಲಿ ವಾಡಿಕೆ. ಅತ್ತೆಯ ಮಟ್ಟಿಗೆ ಹಾಗೆ ಬಿಟ್ಟದ್ದು ಮತ್ತೆ ತಟ್ಟೆಗೆ ಬಂದ ಉದಾಹರಣೆ ಇಲ್ಲ. ಹಿಂದೊಮ್ಮೆ ಹಲಸಿನಹಣ್ಣು ಬಿಟ್ಟರು, ಬಿಟ್ಟದ್ದು ಬಿಟ್ಟೇ ಹೋಯಿತು. ಅಂದರೆ ಆಷಾಢದಲ್ಲಿ ನಿಯಮ ಹಿಡಿಯುವುದಕ್ಕೆ ಮುಂಚೆ, ಹೊತ್ತು ಮುಳುಗುವುದಕ್ಕೆ ಮುಂಚೆ, ಅತ್ತೆಯ ತಟ್ಟೆಗೆ ಒಂದು ಒಳ್ಳೆಯ ಪರೋಟ ಬೀಳಬೇಕು. ಇಲ್ಲವಾದರೆ ಈ ಜನ್ಮಕ್ಕಿಲ್ಲ.

ಮಾವ ಮೊದಲು ಗಾಡಿಯವನ ಹತ್ತಿರವೇ ಹೋದರು. ಅವನು ದುದ್ದದ ಕಡೆಯವನು.

"ನೀನು ನಾಲ್ಕು ಗಂಟೆಗೇ ಯಾಕೆ ಒಲೆ ಹಚ್ಚಬಾರದು?"

"ನಾಕು ಗಂಟೆಗೆ ಪರೋಟ ಯಾರ್ ತಿಂದಾರು ಸಾ?"

"ನಮ್ಮ ಮನೆಯವರು."

"ಒಬ್ರಿಗೋಸ್ಕರ ಒಲೆ ಅಚ್ಚಕಾಯ್ತದಾ ಸಾ? ಅದೂ ಅಲ್ದೆ, ಇದೇ ಕಾವ್ಲಿ ಮ್ಯಾಲೆ ಮೊಟ್ಟೆ ಒಡೀತೀನಿ."

ಮೊಟ್ಟೆ ಎಂದ ಕೂಡಲೇ ಮಾವ ಕಾಲು ಹಿಂದಕ್ಕಿಟ್ಟರು. ಆದರೆ ಮನಸ್ಸು ಹಿಂದಕ್ಕಿಡಲಿಲ್ಲ. "ಹಾಗಾದರೆ ನನಗೇ ಹೇಳಿಕೊಡು" ಅಂದರು. ಅವನು ಮೇಲಿಂದ ಕೆಳಗಿನವರೆಗೆ ಇವರನ್ನು ನೋಡಿ, "ಮದ್ಲು ಒದ್ದೆ ಟವಲ್ ಬೀಸಿ ಕೈ ಪಳಗಿಸ್ಕಳಿ ಸಾ. ನಾವೆಲ್ಲ ಅಂಗೇ ಕಲ್ತಿದ್ದು" ಎಂದ.

ಜವಳಿ ಅಂಗಡಿಯವರಿಗೆ ಟವಲಿಗೆ ಬರವೆ? ಮಾರನೆಯ ದಿನದಿಂದ ಮಾವ ಅಂಗಡಿಯ ಮೂಲೆಯಲ್ಲಿ ಒಂದು ಹಲಗೆ ಹಾಕಿಕೊಂಡು, ಹೊಸ ಟವಲನ್ನು ಬಕೆಟ್ಟಿನಲ್ಲಿ ಅದ್ದಿ, ಬೀಸಿ ಬೀಸಿ ಹಲಗೆಗೆ ಬಡಿಯತೊಡಗಿದರು. ಅರಕಲಗೂಡಿನಿಂದ ಬಂದಿದ್ದ ಒಬ್ಬಾಕೆ ಕುತೂಹಲದಿಂದ ಹತ್ತಿರ ಹೋದಳು.

"ಏನಣ್ಣ, ಬಣ್ಣ ಓಯ್ತದಾ ಅಂತ ನೋಡ್ತಾ ಇದ್ದೀರಾ?"

ಮಾವ ಸುಳ್ಳು ಹೇಳುವವರಲ್ಲ. "ಇಲ್ಲಮ್ಮ, ಪರೋಟ ಮಾಡೋದು ಕಲೀತಾ ಇದ್ದೀನಿ."

ಆಕೆ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. "ತಮಾಸೆ ಮಾಡ್ತೀರ. ಅಂಗ್ ಬಡುದ್ರೂ ಒಂದು ತೊಟ್ಟು ಬಣ್ಣ ಬಿಡ್ನಿಲ್ಲ. ಒಂದು ಡಜನ್ ಕಟ್ಟಿ."

ಹಾಸನದಲ್ಲಿ ಮೇಷ್ಟ್ರಗಿರಿ ಮಾಡಿಕೊಂಡು ಭಾನುವಾರವಾದರೆ ಬಸ್ಸು ಹತ್ತಿ ಮಾವನ ಮನೆಗೆ ಹೋಗುವ ನನಗೆ ಈ ಸುದ್ದಿ ಮುಟ್ಟಿಸಿದ್ದು ಮಾವನ ಮಗ. "ಟವಲೆಲ್ಲ ಖಾಲಿ ಕಣೇ. ಅಪ್ಪ ಇನ್ನು ರಗ್ಗು ಯಾವಾಗ ಬಡೀತಾರೋ ಅಂತ ಕಾಯ್ತಾ ಇದ್ದೀನಿ" ಅಂದ. ನಗು ತಡೆದುಕೊಳ್ಳಲಾರದೆ ನಾನು ಆ ಭಾನುವಾರ ಬೆಳಗಿನ ಬಸ್ಸಿಗೇ ಹೊರಟೆ.

ಹೋಗಿ ನೋಡುತ್ತೇನೆ, ಕಾರ್ಯಾಗಾರ ಅಂಗಡಿಯಿಂದ ಅಡುಗೆಮನೆಗೆ ವರ್ಗವಾಗಿದೆ! ರಾತ್ರಿ ಒಂಬತ್ತಾದರೂ ಅಂಗಡಿ ಬಿಡದ ಮನುಷ್ಯ ಅಂಗಡಿಯನ್ನು ಮಗನಿಗೆ ಒಪ್ಪಿಸಿ ದಿನಾ ಮಧ್ಯಾಹ್ನವೇ ಮನೆ ಸೇರುತ್ತಿದ್ದರು. ದಿನಸಿ ಅಂಗಡಿಯಲ್ಲಿ ಮೈದಾವನ್ನು ಎರಡು ಬೆರಳ ನಡುವೆ ಉಜ್ಜಿ ನೋಡಿ, "ನೂಲು ಪರವಾಗಿಲ್ಲ, ಇದನ್ನೇ ಕೊಡಿ" ಎಂದು ತಂದಿದ್ದರಂತೆ. ಕಲಸಿದ ಹಿಟ್ಟನ್ನು ಕಲ್ಲಿನ ಮೇಲೆ ಹರಡಿ, "ಪನ್ನ ಸಾಲದು" ಎಂದು ಗೊಣಗುತ್ತಿದ್ದರು. ಪನ್ನವೆಂದರೆ ಬಟ್ಟೆಯ ಅಗಲ. ಹಿಟ್ಟಿಗೂ ಪನ್ನವಿದೆ ಎಂದು ನನಗೆ ಅವತ್ತೇ ಗೊತ್ತಾದದ್ದು.

ಆದರೆ ಅಡುಗೆಮನೆ ಎಂಬುದು ಅತ್ತೆಯ ರಾಜ್ಯ. ಅಲ್ಲಿನ ಕಾನೂನು ಬೇರೆ. ಗಾಡಿಯವನು, "ರಾತ್ರಿನೇ ಕಲ್ಸಿ ಎಣ್ಣೇಲಿ ಮುಳುಗ್ಸಿಡಿ ಸಾ, ಬೆಳಗಾಗೋದ್ರೊಳಗೆ ರೇಸ್ಮೆ ಆಗಿರ್ತದೆ" ಎಂದಿದ್ದ. ರೇಷ್ಮೆ ಎಂಬ ಮಾತು ಮಾವನ ಕಿವಿಗೆ ಬಿದ್ದ ಮೇಲೆ ಕೇಳಬೇಕೆ? ಹಿಂದಿನ ರಾತ್ರಿಯೇ ಕಲಸಿಟ್ಟುಬಿಟ್ಟಿದ್ದರು. ಬೆಳಿಗ್ಗೆ ಅತ್ತೆ ಮುಚ್ಚಳ ಎತ್ತಿದರು.

"ಇದು ಯಾವಾಗ ಕಲಸಿದ್ದು?"

"ನಿನ್ನೆ."

"ಹಾಗಾದ್ರೆ ತಂಗಳು."

"ತಂಗಳು ಅನ್ನೋದು ಬೆಂದಿದ್ದಕ್ಕೆ ಕಣೇ. ಇದಿನ್ನೂ ಬೆಂದೇ ಇಲ್ಲ. ಹೊಲಿಯದೆ ಇರೋ ಬಟ್ಟೇನ ಯಾರಾದ್ರೂ ಹಳೇ ಅಂಗಿ ಅಂತಾರಾ?"

ಎಂಥ ವಾದ ನೋಡಿ! ನಾನಾಗಿದ್ದರೆ ಸೋತುಬಿಡುತ್ತಿದ್ದೆ. ಅತ್ತೆ ಮಾತ್ರ ಅಲ್ಲಾಡಲಿಲ್ಲ. "ನೀರು ಮುಟ್ಟಿದೆಯೋ ಇಲ್ವೋ, ಅಷ್ಟು ಹೇಳಿ" ಅಂದರು. ಮುಟ್ಟಿತ್ತು. ನೀರು ಮುಟ್ಟಿ ರಾತ್ರಿ ಕಳೆದದ್ದು ಆ ಮನೆಯಲ್ಲಿ ಒಲೆ ಹತ್ತುವಂತಿಲ್ಲ. ರೇಷ್ಮೆಯಂಥ ಹಿಟ್ಟು ಹಿಂದಿನ ಬೀದಿಯ ಹಸುವಿನ ಪಾಲಾಯಿತು. ಮಧ್ಯಾಹ್ನ ಹಸುವಿನ ಯಜಮಾನ ಬಂದು ಬಾಗಿಲಲ್ಲಿ ನಿಂತ. "ಅಣ್ಣಾ, ನಮ್ಮ ಹಸಕ್ಕೆ ಏನ್ ಕೊಟ್ರಿ? ಬೆಳಗ್ಗಿಂದ ಅಗೀತಾನೇ ಅದೆ, ನುಂಗ್ತಾನೇ ಇಲ್ಲ." ಮಾವನಿಗೆ ಅದರಲ್ಲೂ ಸಮಾಧಾನ. "ನೋಡಿದ್ಯಾ ಪುಟ್ಟಿ, ಹಿಟ್ಟಿಗೆ ಎಳೆತ ಎಷ್ಟು ಚೆನ್ನಾಗಿ ಬಂದಿತ್ತು" ಎಂದು ನನ್ನ ಕಿವಿಯಲ್ಲಿ ಹೇಳಿದರು.

ಮುಂದಿನ ವಾರ ಬೆಳಿಗ್ಗೆಯೇ ಕಲಸಿದರು. ಒದ್ದೆ ಬಟ್ಟೆ ಮುಚ್ಚಿಡಬೇಕಲ್ಲ? ಊರಿಗೆಲ್ಲ ಬಟ್ಟೆ ಮಾರುವ ಮನುಷ್ಯನ ಕೈಗೆ ಸಿಕ್ಕಿದ್ದು ಯಾವುದು? ನೀರು ಸೋಸುವ ಬಟ್ಟೆ! ನಮ್ಮ ಮನೆಗಳಲ್ಲಿ ಕುಡಿಯುವ ನೀರಾಗಲಿ ಅಡುಗೆಯ ನೀರಾಗಲಿ, ಅದರಲ್ಲಿನ ಸಣ್ಣ ಜೀವಕ್ಕೂ ನೋವಾಗಬಾರದೆಂದು ಬಿಳಿ ಬಟ್ಟೆಯಲ್ಲಿ ಸೋಸಿಯೇ ಬಳಸುವುದು. ಆ ಬಟ್ಟೆಗೆ ದೇವರ ಕೋಣೆಯಷ್ಟೇ ಮರ್ಯಾದೆ. ಅದು ಈಗ ಎಣ್ಣೆ ಕುಡಿದು, ಮೈದಾ ಮೆತ್ತಿಕೊಂಡು ಬಿದ್ದಿತ್ತು. ಇನ್ನೊಂದು ಬಟ್ಟೆ ಬರುವವರೆಗೆ ಮನೆಯಲ್ಲಿ ಯಾರಿಗೂ ಒಂದು ಲೋಟ ನೀರಿಲ್ಲ. ಮಾವ ಚಪ್ಪಲಿಯನ್ನೂ ಮೆಟ್ಟದೆ ಅಂಗಡಿಗೆ ಓಡಿ, ಗಾಬರಿಯಲ್ಲಿ ಕತ್ತರಿಸುವುದನ್ನೂ ಮರೆತು, ಬಟ್ಟೆಯ ಇಡೀ ತಾನನ್ನೇ ಹೆಗಲ ಮೇಲೆ ಹೊತ್ತು ತಂದರು. ಅತ್ತೆ ಆ ಉರುಳೆಯನ್ನೂ ಗಂಡನನ್ನೂ ನೋಡಿ, "ಊರ ಕೆರೆ ಸೋಸೋಣ ಅಂತಲಾ?" ಎಂದು ಕೇಳಿದರು.

ಇಷ್ಟಾಗಿ ಬಂದ ಪರೋಟಗಳಾದರೂ ಹೇಗಿದ್ದವು? ಕೆಲವು ಹರಿಯಲಾರದಷ್ಟು ಗಟ್ಟಿ, ಕೆಲವು ಹಸಿ, ಒಂದು ಮಾತ್ರ ಎರಡೂ! ಪದರ ಎಂಬುದು ಮಾವನ ಮಾತಿನಲ್ಲಿತ್ತೇ ಹೊರತು ಪರೋಟದಲ್ಲಿರಲಿಲ್ಲ. ಆದರೆ ಮಾಡಿದ್ದನ್ನು ಚೆಲ್ಲುವಂತಿಲ್ಲ. ದಿನಾ ಸಂಜೆ ಬೆಳಕಿರುವಾಗಲೇ ಗಂಡ ಹೆಂಡತಿ ಎದುರುಬದುರು ಕೂತು, ಈರುಳ್ಳಿ ಬೆಳ್ಳುಳ್ಳಿ ಹಾಕದ ಕುರ್ಮದಲ್ಲಿ ಅವನ್ನು ನೆನೆಸಿ ನೆನೆಸಿ ತಿಂದು ಮುಗಿಸುತ್ತಿದ್ದರು. ಭಾನುವಾರಗಳಲ್ಲಿ ಅದರಲ್ಲಿ ನನಗೂ ಪಾಲು ಸಿಗುತ್ತಿತ್ತು. ಸೋಮವಾರ ಪಾಠ ಮಾಡುವಾಗ ದವಡೆ ನೋಯುತ್ತಿತ್ತು.

ಆಷಾಢ ಬಂತು. ನಿಯಮ ತೆಗೆದುಕೊಳ್ಳುವ ಹಿಂದಿನ ದಿನ ನಾನು ರಜೆ ಹಾಕಿ ಹೋಗಿದ್ದೆ. ಮೋಡ ಕವಿದು ಸೂರ್ಯ ಎಲ್ಲಿದ್ದಾನೆಂದೇ ತಿಳಿಯುತ್ತಿರಲಿಲ್ಲ. ಮಾವ ಒಂದು ಕಾಲು ಅಡುಗೆಮನೆಯಲ್ಲಿ, ಒಂದು ಕಾಲು ತಾರಸಿಯಲ್ಲಿ. ಮೇಲೆ ಹೋಗಿ ಪಡುವಣಕ್ಕೆ ಕಣ್ಣು ಕಿರಿದು ಮಾಡಿ, "ಇದ್ದಾನೆ, ಇನ್ನೂ ಇದ್ದಾನೆ" ಎನ್ನುತ್ತ ಇಳಿದು ಬರುವರು. ಹಿಟ್ಟು ಬೀಸುವರು. ಟವಲಿನ ಪುಣ್ಯದಿಂದ ಬೀಸುವುದೇನೋ ಕೈಗೆ ಹತ್ತಿತ್ತು, ಕಲ್ಲಿನ ಮೇಲೆ ಹಿಟ್ಟು ಆಚೆಯದು ಕಾಣುವಷ್ಟು ತೆಳ್ಳಗಾಗಿತ್ತು. ಆದರೆ ನೆರಿಗೆ ಹಿಡಿಯಲು ಹೋದರೆ ಮುದ್ದೆಯಾಗುತ್ತಿತ್ತು. ಒಂದು ಹೋಯಿತು, ಇನ್ನೊಂದು ಹೋಯಿತು. ಉಳಿದ ಉಂಡೆಗಳ ಮುಂದೆ ಮಾವ ಕೈ ಚೆಲ್ಲಿ ನಿಂತರು. ಅವರ ಮುಖ ನೋಡಿ ನನ್ನ ತಮಾಷೆಯೆಲ್ಲ ನಿಂತುಹೋಯಿತು. ಪಾಪ, ಇದೊಂದನ್ನು ತಿನ್ನಿಸಿಬಿಡಬೇಕೆಂಬ ಆಸೆ ಆ ಮನುಷ್ಯನನ್ನು ಎಷ್ಟು ಹಿಂಡಿಹಾಕಿತ್ತು!

ಆಗ ಅತ್ತೆ ಸೆರಗು ಸಿಕ್ಕಿಸಿಕೊಂಡು ಬಂದರು. "ಸರೀರಿ ಆಚೆ. ಸೀರೆ ಮಾರಿದ್ರೆ ನೆರಿಗೆ ಹಿಡಿಯೋಕೆ ಬಂದುಬಿಡುತ್ತಾ?"

ಮಾವ ಹರಡಿದ ಹಿಟ್ಟಿಗೆ ಅತ್ತೆ ಬೆರಳಿಟ್ಟರು. ದಿನಾ ಬೆಳಿಗ್ಗೆ ಸೀರೆ ಉಡುವ ಕೈ, ಯೋಚಿಸಲೇ ಇಲ್ಲ. ನೆರಿಗೆಗಳು ಒಂದರ ಪಕ್ಕ ಒಂದು ಸಾಲಾಗಿ ಬಂದು ನಿಂತವು. ಸುರುಳಿ ಸುತ್ತಿ, ಅಂಗೈಯಲ್ಲಿ ಒತ್ತಿ ಕಾವಲಿಗೆ ಹಾಕಿದರು. ಎಣ್ಣೆಯಲ್ಲಿ ಬೆಂದು ಕೆಂಪಗಾದದ್ದನ್ನು ಮಾವ ಎರಡು ಕೈಯಿಂದ ಬಡಿದರು. ಎದ್ದವು ನೋಡಿ ಪದರಗಳು! ನಾನು ತಾರಸಿಗೆ ಓಡಿ, ಮೋಡದ ಸಂದಿಯಲ್ಲಿ ಕೆಂಪು ಕಂಡು, "ಇದ್ದಾನೆ ಮಾವ, ಬೇಗ" ಎಂದು ಕೂಗಿದೆ. ಅತ್ತೆ ಒಂದು ತುಂಡು ಮುರಿದು ಬಾಯಿಗಿಟ್ಟು, ನಿಧಾನವಾಗಿ ಅಗಿದು, "ಚೆನ್ನಾಗಿದೆ" ಅಂದರು. ಇನ್ನೊಂದು ತುಂಡು ಮುರಿಯುತ್ತ, "ನನಗೆ ನಮ್ಮ ಚಪಾತಿನೇ ಸರಿ ಅನ್ಸುತ್ತೆ, ಬೇಜಾರು ಮಾಡ್ಕೋಬೇಡಿ" ಅಂದರು. ಮಾವನಿಗೆ ಎಲ್ಲಿಯ ಬೇಜಾರು! ತಿಂದಳಲ್ಲ, ಅಷ್ಟು ಸಾಕಾಗಿತ್ತು. "ಮುಗೀತು ಪುಟ್ಟಿ. ನಾಳೆಯಿಂದ ನಾನು, ನನ್ನ ಅಂಗಡಿ" ಎಂದು ಕೈ ತೊಳೆದುಕೊಂಡರು. ಅತ್ತೆ ಅವರನ್ನೊಮ್ಮೆ ನೋಡಿ ತಟ್ಟೆ ಎತ್ತಿದರು.

ಮಾರನೆಯ ಬೆಳಿಗ್ಗೆ ಕಾರಿನಲ್ಲಿ ಬೆಳಗೊಳಕ್ಕೆ ಹೋದೆವು. ಬಸದಿಯಲ್ಲಿ ಮುನಿಗಳ ಮುಂದೆ ಒಬ್ಬೊಬ್ಬರೇ ತಾವು ಬಿಡುವ ಪದಾರ್ಥದ ಹೆಸರು ಹೇಳಿ ಕೈ ಮುಗಿಯುತ್ತಿದ್ದರು. ಅತ್ತೆಯ ಸರದಿ ಬಂತು. ಮೈದಾ ಎನ್ನುತ್ತಾರೆಂದು ನಾವು ಕಾಯುತ್ತಿದ್ದರೆ ಅತ್ತೆ, "ಕಾಫಿ" ಅಂದರು.

ಕಾಫಿ! ಬೆಳಗಿನ ಲೋಟ ಕೆಳಗಿಡುವ ಮೊದಲೇ ಹನ್ನೊಂದು ಗಂಟೆಯ ಕಾಫಿಗೆ ಹಾಲು ಎತ್ತಿಡುವ ನಮ್ಮ ಅತ್ತೆ! ಮಾವ ನನ್ನತ್ತ ತಿರುಗಿ ಕಣ್ಣು ಬಾಯಿ ಬಿಟ್ಟರು. ಬಸದಿಯ ಮೆಟ್ಟಿಲಿಳಿದು ಅವರು ಕಾರಿನ ಕಡೆ ಮುಂದೆ ಹೋದಾಗ ನಾನು ಅತ್ತೆಯನ್ನು ಹಿಡಿದು ನಿಲ್ಲಿಸಿದೆ.

"ಮೈದಾ ಬಿಡ್ತೀನಿ ಅಂದಿದ್ರಲ್ಲ ಅತ್ತೆ? ಪರೋಟ ನಿಮಗೆ ಅಷ್ಟೇನೂ ಹಿಡಿಸಲೂ ಇಲ್ಲ."

ಅತ್ತೆ ಚಪ್ಪಲಿ ಹಾಕಿಕೊಳ್ಳುತ್ತ, ತಲೆ ಎತ್ತದೆ ಹೇಳಿದರು. "ಮೈದಾ ಬಿಟ್ರೆ ನಿಮ್ಮ ಮಾವ ಮತ್ತೆ ರಾತ್ರಿ ಒಂಬತ್ತಕ್ಕೇ ಬರೋದು ಕಣೇ. ಮದುವೆಯಾಗಿ ಬಂದಾಗಿಂದ ಸಾಯಂಕಾಲದ ಊಟ ನನ್ನದು ಮನೇಲಿ, ಅವರದು ಅಂಗಡೀಲಿ ಡಬ್ಬಿ. ಎದುರಿಗೆ ಒಬ್ರು ಕೂತ್ಕೊಂಡು ಉಣ್ಣೋದು ಹೆಂಗಿರುತ್ತೆ ಅಂತ ನನಗೆ ಈ ವರ್ಷ ಗೊತ್ತಾಗಿದ್ದು."

ನಾನು ಅವರ ಕೈ ಹಿಡಿದುಕೊಂಡೇ ಕಾರಿನವರೆಗೆ ನಡೆದೆ. ಮಾವ ಬಾಗಿಲು ತೆಗೆದುಕೊಂಡು ನಿಂತಿದ್ದರು. ಅತ್ತೆ ಹತ್ತಿ ಕೂತ ಮೇಲೆ ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಕೇಳಿದರು.

"ನಿಜ ಹೇಳು ಪುಟ್ಟಿ, ನಿನ್ನೆ ಪರೋಟ ಹೆಂಗಿತ್ತು?"

ಹಾಸನದ ಗಾಡಿಗಳ ಮುಂದೆ ಹಾದುಹೋಗುವಾಗಲೂ ಅಂಥ ಪದರಗಳು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಬಸದಿಯ ಗಂಟೆ ಇನ್ನೂ ಕೇಳಿಸುತ್ತಿತ್ತು.

"ಇನ್ನೂ ಸರಿಯಾಗಿಲ್ಲ ಮಾವ" ಅಂದೆ. "ದಿನಾ ಮಾಡಬೇಕು."