ಮಂಚ ಮುರಿಯದ ಗಿರಾಕಿಗಳು

ಹುಣಸೂರಿನ ಪೇಟೆಯಲ್ಲಿ, ಬೇಕರಿಯ ಮೇಲಿನ ಒಂದೇ ಕೋಣೆಯಲ್ಲಿ ನಮ್ಮ ಸಾಫ್ಟ್‌ವೇರ್ ಕಂಪನಿ ಇದೆ. ತಂಡದಲ್ಲಿ ಮೂವರು ಎಂಜಿನಿಯರುಗಳು. ಅವರಿಗೆ ನಾಯಕಿ ನಾನು. ಅಂಗಡಿಯವರಿಗೂ ಗಿರಾಕಿಗಳಿಗೂ ಇರುವ ಸಂಬಂಧವನ್ನು ಕಂಪ್ಯೂಟರಿನಿಂದಲೇ ಕಾಪಾಡುವ ತಂತ್ರಾಂಶ ತಯಾರಿಸುವುದು ನಮ್ಮ ಕಸುಬು. ಸಂಬಂಧಗಳ ವಿಷಯದಲ್ಲಿ ನನಗೆ ತಿಳಿಯದ್ದು ಏನೂ ಇಲ್ಲವೆಂದು ನಾನು ದೃಢವಾಗಿ ನಂಬಿದ್ದೆ.

"ನನ್ ತಂಗಿ ನಿನ್ ಜೊತೆ ಮಾತಾಡಿ ವರ್ಷಾಯ್ತು ಕಣೇ. ಊರೋರ ಸಂಬಂಧ ನೀನ್ ನೋಡ್ಕತೀಯಾ?" ಎಂದರು ಮನೆಯಲ್ಲಿ ನಮ್ಮ ಯಜಮಾನರು.

ಹೊಟ್ಟೆಕಿಚ್ಚು! ಎಂದುಕೊಂಡೆ.

ನಮ್ಮ ಮೊದಲ ಗಿರಾಕಿ ಅನ್ವರ್ ಸಾಹೇಬರು. ಮಂಚ, ಬೀರು ಮಾಡಿಸಿ ಮಾರುವ ಹಳೆಯ ಅಂಗಡಿ ಅವರದು. ಮೊದಲು ಪುಕ್ಕಟೆಯಾಗಿ ಬಳಸಿ ನೋಡುವುದು, ಹಿಡಿಸಿದರೆ ಕೊಳ್ಳುವುದು ಎಂದು ಮಾತಾಗಿತ್ತು. ಅವರು ಕೊಂಡರೆ ಆ ಬೀದಿಯ ಅಂಗಡಿಗಳೆಲ್ಲ ಕೊಳ್ಳುತ್ತವೆ. ಕೊಳ್ಳದಿದ್ದರೆ ನಾವು ಕೋಣೆ ಖಾಲಿ ಮಾಡಬೇಕು.

ಗಿರಾಕಿಗಳ ಹೆಸರು, ಫೋನ್ ನಂಬರು ತುಂಬಿಸಿ ಗುಂಡಿ ಒತ್ತಿದೆವು. ತಂತ್ರಾಂಶ ಗಂಭೀರವಾಗಿ ವರದಿ ಒಪ್ಪಿಸಿತು: ಒಮ್ಮೆ ಮಂಚ ಕೊಂಡವರು ಒಬ್ಬರೂ ಮತ್ತೆ ಬಂದಿಲ್ಲ. ಎಲ್ಲರೂ ಕೈತಪ್ಪಿದ ಗಿರಾಕಿಗಳು!

ಸಾಹೇಬರನ್ನು ನೆನೆದು ಅಯ್ಯೋ ಪಾಪ ಎನ್ನಿಸಿತು. ಇಂಥವರನ್ನು ಮರಳಿ ಕರೆಯುವ ಸಂದೇಶವನ್ನು ನಾನೇ ಕುಳಿತು ಬರೆದೆ: "ನಮ್ಮ ಮೇಲೆ ಮುನಿಸೇ? ಇಷ್ಟು ದಿನವಾದರೂ ಇತ್ತ ಸುಳಿಯಲಿಲ್ಲ. ನಮ್ಮಿಂದ ತಪ್ಪಾಗಿದ್ದರೆ ಹೇಳಿ. ಇಂತಿ ನಿಮ್ಮ ಅನ್ವರ್." ತಂಡದವರು ಚಪ್ಪಾಳೆ ತಟ್ಟಿದರು. ಸಂದೇಶ ಒಂದೇ ಏಟಿಗೆ ಸುತ್ತಲಿನ ನಾಲ್ಕು ತಾಲ್ಲೂಕಿಗೂ ಹೋಯಿತು.

ನಮ್ಮ ಕಡೆ ಮುನಿಸು ಎಂದರೆ ತಮಾಷೆಯಲ್ಲ. ಮುನಿಸೇ ಎಂದು ಯಾರಾದರೂ ಕೇಳಿಬಿಟ್ಟರೆ ಎಲೆ ಅಡಿಕೆ ಹಿಡಿದು ಅವರ ಬಾಗಿಲಿಗೇ ಹೋಗಿ ರಾಜಿಯಾಗಿ ಬರಬೇಕು. ಸಂಬಂಧಗಳ ಪಂಡಿತೆಗೆ ಇದೊಂದು ಹೊಳೆಯಲಿಲ್ಲ!

ಮರುದಿನ ಬೆಳಿಗ್ಗೆ ಸಾಹೇಬರ ಫೋನು. "ಬೇಟಿ, ಬೇಗ್ ಬನ್ನಿ. ಅಂಗ್ಡಿ ಮುಂದೆ ಜನ ತುಂಬವ್ರೆ."

ಗೆದ್ದೆ ಎಂದುಕೊಂಡು ಸ್ಕೂಟರ್ ಏರಿದೆ.

ಜನ ಇದ್ದದ್ದು ನಿಜ. ಹಾರನಹಳ್ಳಿಯಿಂದ ಗೂಡ್ಸ್ ಆಟೋದಲ್ಲಿ ಬಂದವರು, ಮಿರ್ಲೆಯಿಂದ ಬಸ್ಸಿನಲ್ಲಿ ಬಂದವರು. ಕೊಳ್ಳಲು ಬಂದವರು ಮಾತ್ರ ಒಬ್ಬರೂ ಇಲ್ಲ. ಕೈಯಲ್ಲಿ ಎಲೆ ಅಡಿಕೆ, ಬಾಳೆಹಣ್ಣು, ಹಲಸಿನಹಣ್ಣು, ಕಾಲು ಕಟ್ಟಿದ ಒಂದು ನಾಟಿಕೋಳಿ!

ಅಂತರಸಂತೆಯಿಂದ ಬಂದಿದ್ದ ನಿಂಗಮ್ಮ ಎಂಬ ಅಜ್ಜಿ ಸಾಹೇಬರ ಕೈ ಹಿಡಿದುಕೊಂಡು ಅಳುತ್ತಿದ್ದರು. "ನಂಗ್ಯಾಕ್ ಮುನಿಸು ಸಾಬ್ರೇ? ನೀವ್ ಕೊಟ್ಟ ಮಂಚ ಇನ್ನೂ ಮುರ್ದಿಲ್ಲ, ನಾನೇನ್ ಮಾಡ್ಲಿ? ಬೇಕಾದ್ರೆ ಮೊಮ್ಮಕ್ಳ ಅದ್ರ ಮ್ಯಾಲೆ ಅತ್ತುಸಿ ಕುಣುಸ್ತೀನಿ ಬುಡಿ!"

ನಾನು ಬೆರಗಾಗಿ ನಿಂತುಬಿಟ್ಟೆ. ಎಂದೋ ಒಂದು ಮಂಚ ಕೊಂಡವರು ಕೂಲಿ ಬಿಟ್ಟು, ಬಸ್ಸು ಹತ್ತಿ, ಅಂಗಡಿಯವರೊಬ್ಬರ ಮನಸ್ಸು ನೊಂದಿದೆಯೆಂದು ಓಡಿ ಬಂದಿದ್ದಾರೆ! ಇದನ್ನು ತುಂಬಿಸಲು ನನ್ನ ತಂತ್ರಾಂಶದಲ್ಲಿ ಜಾಗವೇ ಇರಲಿಲ್ಲ. ಸಾಹೇಬರು ಎಲ್ಲರಿಗೂ ಟೀ, ಬನ್ನು ತರಿಸಿದರು. ಸಂಜೆಯವರೆಗೂ ತರಿಸುತ್ತಲೇ ಇದ್ದರು. ಒಂದು ಸ್ಟೂಲೂ ಮಾರಾಟವಾಗಲಿಲ್ಲ.

ಕೊನೆಗೆ ನನ್ನನ್ನು ಪಕ್ಕಕ್ಕೆ ಕರೆದರು. "ಈ ಪ್ರೋಗ್ರಾಂ ಬ್ಯಾಡ ಬೇಟಿ. ನಾನೇ ಬರ್ದಿದ್ದು ಅಂತ ಓಡ್ ಬಂದವ್ರೆ. ಮಿಷಿನ್ ಬರ್ದಿದ್ದು ಅಂತ ಗೊತ್ತಾದ್ರೆ ನಿಜ್ವಾಗ್ಲೂ ಮುನುಸ್ಕತಾರೆ. ಆಗ ರಾಜಿ ಮಾಡಕ್ಕೆ ಯಾರನ್ ಕಳ್ಸಲಿ?"

ಕೋಣೆಗೆ ಮರಳಿದೆ. ತಂಡಕ್ಕೆ ಸುದ್ದಿ ಮುಟ್ಟಿಸಿ, ಕೋಣೆಯ ಮಾಲೀಕರಿಗೆ ಏನು ಹೇಳುವುದೆಂದು ಯೋಚಿಸುತ್ತ ಕುಳಿತೆ.

ಆದರೆ ನಮ್ಮ ಕಂಪನಿಯ ಗಿರಾಕಿಗಳನ್ನು ನೋಡಿಕೊಳ್ಳುವುದೂ ಅದೇ ತಂತ್ರಾಂಶ. ಸಾಹೇಬರ ಹೆಸರಿನ ಮುಂದೆ 'ಬೇಡ ಎಂದರು' ಎಂದು ಗುರುತು ಹಾಕಿದ್ದೇ ತಡ, ಅದು ಯಾರನ್ನೂ ಕೇಳದೆ ಅದೇ ಮುನಿಸಿನ ಸಂದೇಶವನ್ನು ನನ್ನ ಹೆಸರಿನಲ್ಲಿ ಅವರಿಗೇ ಕಳಿಸಿಬಿಟ್ಟಿತು!

ಮರುದಿನ ಸಾಹೇಬರು ಏದುಸಿರು ಬಿಡುತ್ತ ನಮ್ಮ ಮೆಟ್ಟಿಲು ಹತ್ತಿದರು. ಬರೆದದ್ದು ಮಿಷಿನ್ನೆಂದು ಅವರಿಗೆ ಚೆನ್ನಾಗಿ ಗೊತ್ತು. ಆದರೂ ಬಂದಿದ್ದರು!

"ನಿಮ್ ಮ್ಯಾಲೆ ನಂಗ್ಯಾವ ಮುನಿಸು ಬೇಟಿ?" ಎನ್ನುತ್ತ ಕುಳಿತರು. ನಮ್ಮ ಪ್ಲಾಸ್ಟಿಕ್ ಕುರ್ಚಿ ಓಲಾಡಿತು. ಅವರು ಬಗ್ಗಿ ಅದರ ಕಾಲು ನೋಡಿದರು. "ಅರೇ, ಇದ್ರ ಮೇಲ್ ಕುಂತು ಕೆಲ್ಸ ಮಾಡ್ತೀರಾ? ಸೊಂಟದ್ ಗತಿ ಏನು?"

ಹೋಗುವಾಗ, ಖಾಲಿ ಮಾಡಬೇಕಾಗಿದ್ದ ಆ ಕೋಣೆಗೆ ನಾಲ್ಕು ಮರದ ಕುರ್ಚಿಗಳ ಅಡ್ವಾನ್ಸ್ ಇಸಿದುಕೊಂಡೇ ಇಳಿದರು. ನಮ್ಮ ತಂತ್ರಾಂಶದಿಂದ ಅವರ ಅಂಗಡಿಗೆ ಆದ ವ್ಯಾಪಾರ ಅದೊಂದೇ. ಕೊಂಡವಳು ನಾನು.