ಟಗರುಕೊಂಬಿನ ಸೈಕಲ್ಲು

ಕೆಲವ್ರ ಮನೆಗೆ ನೆಂಟ್ರು ಹೇಳ್ದೆ ಕೇಳ್ದೆ ಬತ್ತಾರಲ್ಲ, ಅಂಗೆ ನನ್ ತಾವ್ಕೆ ಇಂಥ ಪ್ರಸಂಗಗಳು ಬತ್ತವೆ. ಸುಮ್ನೆ ಕಟ್ಟೆ ಮ್ಯಾಲೆ ಕೂತಿದ್ರೂ ಬತ್ತವೆ. ಸೈಕಲ್ ಅತ್ತಿದ್ರಂತೂ ಸಾಲಾಗಿ ನಿಂತ್ಕತವೆ. ತೊಂಬತ್ತರ ದಶಕದ ಮಧ್ಯದ ಮಾತು. ಬಿ.ಎಸ್ಸಿ. ಎರಡ್ನೇ ವರ್ಷದಲ್ಲಿ ನನ್ಗೆ ಕಾಲೇಜು ಸಾಕಾಗಿ, ಕಾಲೇಜಿಗೆ ನಾನು ಸಾಕಾಗಿ, ಜಗಳ ಇಲ್ದೆ ಬೇರೆ ಆಗಿದ್ದೋ. ಪಾಂಡವಪುರಕ್ಕೆ ಆಗ್ತಾನೆ ಕೇಬಲ್ ಟಿವಿ ಬಂದಿತ್ತು. ಅದ್ರಲ್ಲಿ ಫ್ರಾನ್ಸಿನೋರ ಸೈಕಲ್ ರೇಸು ನೋಡ್ಬುಟ್ಟೆ. ಅಲ್ಲಿಂದಾಚೆಗೆ ನನ್ನ ಇಡಿಯೋರು ಇರ್ನಿಲ್ಲ.

೧. ಕಾಲು ಮುಡಿ

ಕೇಬಲ್ ಇದ್ದಿದ್ದು ಬಸ್ ಸ್ಟ್ಯಾಂಡ್ ಪಕ್ಕದ ಕಟಿಂಗ್ ಶಾಪಲ್ಲಿ. ಕಟಿಂಗ್ ಮಾಡ್ಸೋದು ಇರ್ಲಿ ಬುಡ್ಲಿ, ಆ ರೇಸು ನಡಿಯೋ ಮೂರು ವಾರವೂ ನಾನು ಅಲ್ಲೇ. ಅಳದಿ ಅಂಗಿಯೋನು ಯಾಕೆ ಮುಂದವ್ನೆ, ಕೆಂಪು ಅಂಗಿಯೋನು ಯಾಕೆ ಹಿಂದವ್ನೆ ಅಂತ ಬಂದೋರ್ಗೆಲ್ಲ ಪಾಠ ಮಾಡ್ತಿದ್ದೆ. ಒಂದಿನ ಮುಖಕ್ಕೆ ಸೋಪು ಬಳಿಸ್ಕೊಂಡು ಕೂತಿದ್ದ ತಾತ ಕೇಳ್ತು:

"ಮೂರು ವಾರ ತುಳೀತಾರಾ? ಕೊನೇಗೆ ಎಲ್ಲಿಗ್ಲಾ ಹೋಯ್ತಾರೆ?"

"ಅವ್ರ ರಾಜಧಾನಿಗೆ, ತಾತ."

"ಪಾಪ, ಅಷ್ಟು ದೊಡ್ ದೇಶ. ಒಂದು ಬಸ್ ಬುಡಬಾರ್ದಾ?"

ಟಿವೀಲಿ ನಾನು ಇನ್ನೊಂದು ಕಂಡ್ಕಂಡೆ. ಆ ರೇಸಿನೋರ ಕಾಲಲ್ಲಿ ಒಂದು ಕೂದ್ಲಿಲ್ಲ. ಓಹೋ, ಗುಟ್ಟು ಇಲ್ಲೈತೆ ಅನ್ಕೊಂಡು ಕುರ್ಚಿ ಮೇಲೆ ಕೂತು ಪ್ಯಾಂಟು ಮಡಿಸ್ದೆ.

"ಅಣ್ಣ, ಕಾಲು ಬೋಳ್ಸಣ್ಣ."

ಶಾಪಿನ ಅಣ್ಣ ಕತ್ತಿ ಕೆಳಗಿಟ್ಬುಟ್ಟ. "ತಲೆ ಮುಡಿ ಕೊಡೋರ್ನ ನೋಡಿವ್ನಿ. ಕಾಲು ಮುಡಿ ಯಾವ ದ್ಯಾವ್ರಿಗ್ಲಾ?"

ಗಾಳಿ, ವೇಗ ಅಂತ ಏನೇನೋ ಹೇಳಿ ಒಪ್ಪಿಸ್ದೆ. ಬಲಗಾಲು ಮುಗೀತು. ಅಷ್ಟೊತ್ತಿಗೆ ಹೋಗಿದ್ದ ಕರೆಂಟು ಬಂತು, ಟಿವೀಲಿ ರೇಸಿನೋರು ಬೆಟ್ಟ ಅತ್ತಾವ್ರೆ. ಅಣ್ಣ ಕತ್ತಿ ಇಡ್ಕೊಂಡೇ ಟಿವಿ ಮುಂದೆ ನಿಂತ. ಎಷ್ಟು ಕರೆದ್ರೂ "ಇರ್ಲಾ, ಅಳದಿ ಅಂಗಿಯೋನು ಸುಸ್ತಾಯ್ತಾವ್ನೆ" ಅಂತಾನೆ. ನನ್ಗೂ ನೋಡ್ಬೇಕಿತ್ತು, ನಾನೂ ಎದ್ದು ನಿಂತೆ. ರೇಸು ಮುಗಿಯೋದ್ರಲ್ಲಿ ಅಂಗಡಿ ತುಂಬ ಗಿರಾಕಿಗಳು.

ಒಂದು ಕಾಲು ನೈಸು, ಒಂದು ಕಾಲು ಕರಡಿ. ಮನೇಲಿ ಅವ್ವ ನೋಡಿ ಹೆದ್ರಿ, ಬಲಗಾಲಿಗೆ ಮೂರು ದಿವ್ಸ ಬೇವಿನೆಣ್ಣೆ ತಿಕ್ಕಿದ್ಲು.

೨. ತೂಕ

ನಮ್ಮಪ್ಪನ ಹಳೇ ಸೈಕಲ್ಲು ಪ್ರತಿದಿನ ಡೈರಿಗೆ ಹಾಲು ಹೊರ್ತಿತ್ತು. ಅದ್ನ ರೇಸ್ ಸೈಕಲ್ ಮಾಡ್ಬೇಕು ಅಂತ ಸೈಕಲ್ ಶಾಪಿಗೆ ತಕ್ಕೊಂಡು ಹೋದೆ. ಮೈಸೂರಿನ ಗುಜರೀಲಿ ಸಿಕ್ಕಿದ ಬಗ್ಗಿದ ಹ್ಯಾಂಡಲ್ ಆಕ್ಸ್ದೆ. ನೋಡಕೆ ಥೇಟು ಟಗರಿನ ಕೊಂಬು. ಸಣ್ಣ ಟೈರು ಆಕ್ಸ್ದೆ. ಆಮ್ಯಾಕೆ ಶುರು ಆಯ್ತು ತೂಕ ಇಳ್ಸೋದು. ಕ್ಯಾರಿಯರ್ ತೆಗೆಸ್ದೆ. ಸ್ಟ್ಯಾಂಡು, ಮಡ್ ಗಾರ್ಡು, ಚೈನ್ ಕವರ್ರು, ಡೈನಮೋ, ಬೆಲ್ಲು, ಗಾಳಿ ಹೊಡಿಯೋ ಪಂಪು, ಎಲ್ಲ ತೆಗೆಸ್ದೆ. ಬೆಲ್ಲದ ಮಂಡಿ ತಕ್ಕಡಿ ಮೇಲೆ ಇಟ್ರೆ ಎಂಟು ಕೇಜಿ ಇಳ್ದಿತ್ತು.

"ಇನ್ನೊಂದು ಕೇಜಿ ಇಳಿಸ್ಬೇಕಣ್ಣ. ಇನ್ನೇನು ತೆಗಿಯದು?"

ಶಾಪಿನೋನು ಸೈಕಲ್ ಸುತ್ತ ಒಂದು ಸುತ್ತು ಬಂದು, ನನ್ ಹೊಟ್ಟೆ ತಾವ ನಿಂತ್ಕಂಡ. "ಸೈಕಲ್ಲಲ್ಲಿ ಏನೂ ಉಳ್ದಿಲ್ಲ. ಇನ್ನು ಮ್ಯಾಲೆ ಕೂತ್ಕಳದ್ರಲ್ಲೇ ನೋಡ್ಬೇಕು."

ಸೈಕಲ್ ಮನೆಗೆ ತಂದು ನಿಲ್ಸಿದ್ದೆ, ಅಪ್ಪ ಹಾಲಿನ ಕ್ಯಾನು ಇಡ್ಕೊಂಡು ಬಂದ. ಕ್ಯಾನು ನೇತಾಕಕೆ ಜಾಗ ಎಲ್ಲೈತೆ ಅಂತ ಒಂದು ಗಳಿಗೆ ಹುಡ್ಕಾಡ್ದ. "ಎತ್ತಿನ ಹೆಗಲು ಕುಯ್ದು ಕೊಂಬು ಇಟ್ಟಿದ್ದೀಯಲ್ಲೋ ಮುಂಡೇದೇ! ಬರೋ ತಿಂಗ್ಳು ಕೆ.ಆರ್.ಪೇಟೆಯಿಂದ ಇಲ್ಲಿಗೆ ರೇಸ್ ಐತಂತಲ್ಲ. ಗೆದ್ಯೋ, ಸೈಕಲ್ ನಿಂದು. ಸೋತ್ಯೋ, ಸೈಕಲ್ಲು ಗುಜರಿಗೆ, ನೀನು ವಾಪಸ್ ಕಾಲೇಜಿಗೆ."

ಗುಜರಿ ಮಾತು ನಾನು ತಡ್ಕಂಡೆ. ಕಾಲೇಜು ಅಂದಿದ್ ಕೂಡ್ಲೆ ಓಡೋಗಿ ರೇಸಿಗೆ ಹೆಸ್ರು ಕೊಟ್ಟು ಬಂದೆ.

೩. ಗಾಳಿ ತಡಿಯೋದು

ಟಿವೀಲಿ ಇನ್ನೊಂದು ಕಲ್ತಿದ್ದೆ. ಮುಂದಿನೋನ ಬೆನ್ನಿಗೆ ಅಂಟ್ಕೊಂಡು ತುಳಿದ್ರೆ ಗಾಳಿ ಅವ್ನಿಗೆ ಹೊಡೀತದೆ, ಹಿಂದಿನೋನು ಆರಾಮಾಗಿ ಹೋಗ್ಬೋದು. ನನ್ ಸ್ನೇಹಿತ್ನೂ ರೇಸಿಗೆ ಹೆಸ್ರು ಕೊಟ್ಟಿದ್ದ. ಪ್ರಾಕ್ಟೀಸಿಗೆ ಹೋದಾಗ ಮುಂದೆ ಯಾರಿರ್ಬೇಕು ಅಂತ ಇಬ್ರಿಗೂ ಜಗಳ. ಆಗ ಶ್ರೀರಂಗಪಟ್ಟಣದ ಕಡೆಯಿಂದ ಕಬ್ಬು ತುಂಬ್ಕೊಂಡು ಒಂದು ಟ್ರಾಕ್ಟರು ಬಂತು. ಇಬ್ರೂ ಅದ್ರ ಹಿಂದೆ ಸೇರ್ಕೊಂಡೋ. ಆಹಾ, ಗಾಳಿನೇ ಇಲ್ಲ! ತೇಲ್ಕೊಂಡು ಹೋಗ್ತಿದ್ದೀವಿ.

ಎರಡು ಮೈಲಿ ಆದ್ಮೇಲೆ ಡ್ರೈವರು ಬ್ರೇಕ್ ಆಕಿ ಇಳ್ದು ಬಂದ. "ಕಬ್ಬು ಕದೀತೀರೇನ್ರಲಾ?"

"ಅಯ್ಯೋ ಇಲ್ಲಣ್ಣ, ಗಾಳಿ ತಡಿಯಕೆ ನಿನ್ ಹಿಂದೆ ಬತ್ತಿದ್ದೋ. ಫ್ರಾನ್ಸಲ್ಲೂ ಇಂಗೇ ಮಾಡ್ತಾರೆ."

"ಗಾಳಿ ಬ್ಯಾಡ ಅನ್ನೋನು ಮನೇಲಿ ಬಾಗ್ಲಾಕ್ಕಂಡು ಮಲಿಕ್ಕಬೇಕು. ಸೈಕಲ್ ಯಾಕ್ಲಾ ಅತ್ದೆ?"

"ನಾವು ಮಾನಸ್ತರ ಮನೆ ಮಕ್ಕಳು ಕಣಣ್ಣ. ಒಂದು ಜಲ್ಲೆ ಮುಟ್ಟಿದ್ರೆ ಕೇಳು. ಏನ್ಲಾ, ನೀನಾರ ಹೇಳ್ಲಾ!" ಅಂತ ಸ್ನೇಹಿತನ ಕಡೆ ತಿರುಗ್ದೆ.

ಅವ್ನು ಹೇಳಕೆ ಬಾಯಿ ಬುಡಬೇಕಿತ್ತು. ಬುಟ್ರೆ ಕಬ್ಬು ಬೀಳ್ತಿತ್ತು.

೪. ಊಟದ ವ್ಯವಸ್ಥೆ

ರೇಸಿನ ದಿನ ಒಂಬತ್ತು ಜನ. ನಾಗಮಂಗಲದೋನು ಒಬ್ಬ ಗೇರ್ ಸೈಕಲ್ಲು, ಕೈಗೆ ಗ್ಲೌಸು, ತಲೆಗೆ ಹೆಲ್ಮೆಟ್ಟು ಆಕ್ಕಂಡು ಬಂದಿದ್ದ. ನೋಡಿದ್ ಕೂಡ್ಲೆ ಕಾಲೇಜಿನ ಬೆಲ್ಲು ನನ್ ಕಿವೀಲಿ ಹೊಡ್ಕತು.

ಅಲ್ಲಿ ಫ್ರಾನ್ಸಲ್ಲಿ ದಾರಿ ಬದಿ ನಿಂತೋರು ತುಳಿಯೋರ್ಗೆ ತಿನ್ನೋ ಚೀಲ ಕೊಡ್ತಾರೆ. ನಾನೂ ಹಿಂದಿನ ವಾರನೇ ಶೀಳನೆರೆಗೆ ಹೋಗಿ, ರಸ್ತೆ ಪಕ್ಕದಲ್ಲೇ ಮನೆ ಇರೋ ನಮ್ ಸೋದರತ್ತೆಗೆ ಹೇಳಿ ಬಂದಿದ್ದೆ: "ಅತ್ತೆ, ನಾನು ಬತ್ತಿದ್ದಂಗೆ ಎರಡು ಬಾಳೆಣ್ಣು ಕೈಗೆ ಕೊಟ್ಬುಡು, ಸಾಕು." ಅತ್ತೆ ತಲೆ ಆಡಿಸಿದ್ಲು.

ಕೆ.ಆರ್.ಪೇಟೆ ದಾಟಿ ಇನ್ನೂ ಮೈ ಬಿಸಿ ಆಗಿರ್ನಿಲ್ಲ, ನನ್ ಸಣ್ಣ ಟೈರು ಉಸ್ ಅಂತು. ಪಂಪು? ತೂಕ ಅಂತ ಮನೇಲಿ ಇಟ್ಟಿದ್ದೆ. ಸೈಕಲ್ ತಳ್ಕೊಂಡು ಹೋಗಿ ಪಂಚರ್ ಅಂಗಡಿ ಹುಡುಕಿ ಆಕ್ಸೋದ್ರಲ್ಲಿ ಎಂಟೂ ಜನ ಕಣ್ಮರೆ. ಮುಗೀತು, ನಾಳೆಯಿಂದ ಕೆಮಿಸ್ಟ್ರಿ ಲ್ಯಾಬು ಅನ್ಕೊಂಡು ಅಳ್ತಾ ತುಳಿದೆ.

ಶೀಳನೆರೆ ಬಂತು. ಬಾಳೆಣ್ಣು ಇಡ್ಕೊಂಡು ಅತ್ತೆ ಇಲ್ಲ. ನೋಡ್ತೀನಿ, ಅವ್ಳ ಹುಲ್ಲಿನ ಮೆದೆಗೆ ಎಂಟು ಸೈಕಲ್ಲು ಒರಗ್ಕಂಡವೆ! ಜಗಲಿ ಮೇಲೆ ಎಂಟೂ ಜನ, ನನ್ ಸ್ನೇಹಿತ್ನೂ ಸೇರಿ, ಎಲೆ ಮುಂದೆ. ಗೇರ್ ಸೈಕಲಿನೋನು ಗ್ಲೌಸು ಬಿಚ್ಚಿ ಮುದ್ದೆ ಮುರೀತಾವ್ನೆ. ನಾಟಿಕೋಳಿ ಸಾರಿನ ಘಮ ರಸ್ತೆವರ್ಗೂ ಬತ್ತಾ ಐತೆ.

ಆಗಿದ್ದು ಇಷ್ಟು. "ಬಾಳೆಣ್ಣು ಕೊಟ್ಟು ಸಾಗಾಕಕೆ ನಾನೇನು ಗತಿ ಕೆಟ್ಟೋಳಾ?" ಅಂತ ಅತ್ತೆ ಎರಡು ಕೋಳಿ ಕುಯ್ದು, ರಸ್ತೆಗಡ್ಡ ನಿಂತು, ಮೊದ್ಲು ಬಂದೋರ್ನ "ನಮ್ಮುಡ್ಗ ಎಲ್ಲಪ್ಪ?" ಅಂದವ್ಳೆ. ಹಿಂದೆ ಬತ್ತಾವ್ನೆ ಅಂದವ್ರೆ. "ಅಂಗಾರೆ ಅವ್ನು ಬರೋಗಂಟ ಉಂಡ್ಕಳಿ. ಅವ್ನ ಜತೇವ್ರು ಹಸ್ಕೊಂಡು ನಮ್ ಬಾಗ್ಲು ದಾಟೋದುಂಟಾ?" ಅಂತ ಕೂರಿಸ್ಬುಟ್ಟವ್ಳೆ.

ಕಾಲೇಜೋ ಕೋಳಿಯೋ? ಒಂದು ಗಳಿಗೆ ಬ್ರೇಕ್ ಮೇಲೆ ಕೈ ಹೋಯ್ತು. ಆಮ್ಯಾಕೆ ತಲೆ ಬಗ್ಗಿಸಿ ಟಗರುಕೊಂಬು ಇಡ್ಕೊಂಡು ನುಗ್ದೆ. ಅವ್ರು ನನ್ನ ಕಂಡು ಏಳಕೆ ನೋಡಿದ್ರು. ಅತ್ತೆ ಸೌಟು ಇಡ್ಕೊಂಡು ಜಗಲಿ ಮೆಟ್ಲಿಗೆ ಅಡ್ಡ ನಿಂತಿದ್ಲು. "ಉಣ್ಣೋ ಎಲೆ ಬುಟ್ಟು ಎದ್ದಿರಾ, ಜ್ವಾಕೆ!"

ಪಾಂಡವಪುರಕ್ಕೆ ಮೊದ್ಲು ಬಂದೋನು ನಾನೇ. ಅರ್ಧ ಗಂಟೆ ಆದ್ಮೇಲೆ ಎಂಟೂ ಜನ ತೇಗ್ತಾ ಬಂದು, ತೀರ್ಪುಗಾರರಾಗಿದ್ದ ಡ್ರಿಲ್ ಮೇಷ್ಟ್ರನ್ನ ಮುತ್ಕೊಂಡ್ರು.

"ಮೋಸ ಸಾ! ಇವ್ನ ಅತ್ತೆ ಊಟ ಇಕ್ಕಿ ನಮ್ಮನ್ನ ತಡೆದ್ಬುಟ್ರು. ಬ್ಯಾಡ ಅಂದ್ರೂ ಕೇಳ್ನಿಲ್ಲ."

"ಎಷ್ಟು ಮುದ್ದೆ ಉಂಡ್ರಿ?"

"ಎರಡು ಸಾ."

ಗ್ಲೌಸಿನೋನು ನೆಲ ನೋಡ್ದ. "ನಾನು ಮೂರು ಸಾ. ಸಾರು ಅಂಗಿತ್ತು."

"ಏನ್ ಸಾರು?"

"ನಾಟಿಕೋಳಿ ಸಾ."

ಮೇಷ್ಟ್ರು ಕೊರಳಲ್ಲಿದ್ದ ಸೀಟಿ ತೆಗೆದು ಜೇಬಿಗಾಕ್ಕಂಡ್ರು. "ಉಳ್ದದಾ?"

"ಇವ್ನ ಪಾಲು ಅಂಗೇ ಮುಚ್ಚಿಟ್ಟವ್ರೆ ಸಾ."

ಮೇಷ್ಟ್ರು ಗೆದ್ದೋರ್ಗೆ ಕೊಡೋ ಕಪ್ಪು ತಂದು ನನ್ ಕೈಗೆ ತುರುಕಿದ್ರು. ಆಮ್ಯಾಕೆ ಒಂಬತ್ತೂ ಸೈಕಲ್ ಮೇಲೆ ಕಣ್ಣಾಡಿಸಿ, "ಎಲ್ಲಕ್ಕಿಂತ ಬೇಗ ಬಂದಿದ್ದು ಇದೇ ಅಲ್ವೇನ್ಲಾ?" ಅಂತ ನನ್ ಸೈಕಲ್ ಅತ್ತಿ ಶೀಳನೆರೆ ಕಡೆ ತುಳಿದೇ ಬುಟ್ರು.

ಅಪ್ಪ ಓಡ್ಬಂದ. "ಗೆದ್ಯೇನ್ಲಾ?"

"ಗೆದ್ದೆ ಕಣಪ್ಪ."

"ಸೈಕಲ್ ಎಲ್ಲಿ?"

"ಡ್ರಿಲ್ ಮೇಷ್ಟ್ರು ತಕ್ಕೊಂಡು ಅತ್ತೆ ಮನೆಗೆ ಹೋದ್ರು. ನನ್ ಪಾಲು ಉಣ್ಣಕೆ."

ಅಪ್ಪ ರಸ್ತೆ ಕಡೆ ಒಂದ್ಸಲ ನೋಡ್ದ, ಕಪ್ಪಿನ ಕಡೆ ಒಂದ್ಸಲ ನೋಡ್ದ. "ಅಷ್ಟು ಓದ್ಕಂಡಿರೋ ಮೇಷ್ಟ್ರೇ ಮುದ್ದೆಗೆ ಇಂಗೆ ಬಿದ್ದೋಡಿದ್ರೆ, ನೀನು ಕಾಲೇಜಿಗೆ ಹೋಗಿ ಕಡ್ದು ಕಟ್ಟೆ ಆಕೋದು ಏನೂ ಇಲ್ಲ. ಬುಡ್ಲಾ."