ಹಾಲು ಕೊಟ್ಟ ತಪ್ಪಿಗೆ ನಮ್ಮ ಎಮ್ಮೆಯ ಮೇಲೊಂದು ತಕರಾರು

ವನದುರ್ಗ, ಮೈಸೂರು ರಾಜ್ಯ (ಮೊನ್ನೆಯವರೆಗೆ ಹೈದರಾಬಾದು)

ನಮ್ಮ ಕೊಟ್ಟಿಗೆಯ ಹಿರಿಯರೂ, ಕೋಡಿನಲ್ಲಿಯೂ ಕೋಪದಲ್ಲಿಯೂ ಸಮಾನರಿಲ್ಲದವರೂ ಆದ ಎಮ್ಮೆಯವರ ಸನ್ನಿಧಾನಕ್ಕೆ ಕಿರಾಣಿ ಅಂಗಡಿಯ ಸೂಗಪ್ಪನ ಶರಣು.

ಮಾನ್ಯರೇ, ತಾವು ಕ್ಷೇಮವಾಗಿ ಮೆಲುಕು ಹಾಕುತ್ತಿರುವಿರೆಂದು ಬಲ್ಲೆ. ಹೈದರಾಬಾದಿನ ಸರಕಾರ ಹೋಗಿ ಮೈಸೂರಿನದು ಬಂದರೂ, ದಫ್ತರದಿಂದ ಉರ್ದು ಹೋಗಿ ಕನ್ನಡ ಬಂದರೂ, ಬೆಳಗಿನ ಹಾಲಿಗೆ ಒಂದು ದಿನವೂ ತಪ್ಪದ ತಮ್ಮ ನಿಷ್ಠೆಯನ್ನು ಓಣಿಯೇ ಕೊಂಡಾಡುತ್ತದೆ. ಆ ನಿಷ್ಠೆಯೇ ನನ್ನ ಮಗಳ ಮದುವೆಗೆ ಅಡ್ಡ ಬಂದಿತೆಂದು ಬಿನ್ನವಿಸಲು ಈ ಪತ್ರ. ಇದು ಎಮ್ಮೆಯ ಮೇಲೆ ಮಳೆ ಸುರಿದಂತಾಗದಿರಲಿ.

ಮಗಳು ಗೊಲ್ಲಾಳಮ್ಮನನ್ನು ಸುರಪುರದ ಹುಡುಗನಿಗೆ ಕೊಡುವ ಮಾತು ನಡೆದಿತ್ತು. ಅವನನ್ನು ಅಬ್ಬೆತುಮಕೂರಿನ ಮಠದಲ್ಲಿ ಕಂಡು ಬಂದ ಅವಳು, "ಈ ಸಂಬಂಧ ತಪ್ಪಿದ್ರ ಮತ್ತ್ಯಾರನ್ನೂ ಕರೀಬ್ಯಾಡ್ರಿ" ಎಂದು ತಾಯಿಗೆ ಹೇಳಿಬಿಟ್ಟಿದ್ದಳು. ಕನ್ಯೆ ನೋಡಲು ಬಂದ ಹಿರಿಯರು ಉಂಡು ಎದ್ದರೆ ಒಪ್ಪಿಗೆ, ಉಣ್ಣದೆ ಎದ್ದರೆ ಇಲ್ಲ ಎಂಬುದು ನಮ್ಮ ರಿವಾಜು. ಬಂದವರು ಹುಡುಗನ ಸೋದರಮಾವ ಬಸವಂತ್ರಾಯರು, ಭೂದಾನಕ್ಕೆಂದು ಊರೂರು ನಡೆಯುವವರು.

ಅವರೆದುರು ನಾನು, "ಏಳು ತಲೆಯಿಂದ ನಮ್ಮದು ಶುದ್ಧ ಸಸ್ಯಾಹಾರ" ಎಂದು ಹೊಸದಾಗಿ ಕಲಿತ ಪದವನ್ನು ಹೆಮ್ಮೆಯಿಂದ ಉದುರಿಸಿದೆ. ಅವರು ಹೋಳಿಗೆಯ ಮೇಲಿನ ತುಪ್ಪ ನೋಡಿ, "ಇದು ಯಾವ ಗಿಡದಾಗ ಬಿಡ್ತದ್ರಿ ಸಾಹುಕಾರ್ರ?" ಎಂದು ಕೇಳಿ ಕೈ ಹಿಂದೆಗೆದರು. ಹಾಲು ಕರುವಿನ ಪಾಲಂತೆ, ಅದನ್ನು ಕಸಿದು ಕುಡಿಯುವವನು ಸಸ್ಯಾಹಾರಿಯೇ ಅಲ್ಲವಂತೆ. ಅಷ್ಟಕ್ಕೇ ನಿಲ್ಲದೆ, ಎಂದಿನಂತೆ ಹೊರಗಿನ ಕಟ್ಟೆಯ ಮೇಲೆ ತಾಟು ಹಿಡಿದು ಕುಳಿತಿದ್ದ ನೆರೆಮನೆಯ ಅಮರಪ್ಪನನ್ನು, ಅಂದರೆ ಕೆರೆಯಲ್ಲಿ ಬಲೆ ಬೀಸುವವನನ್ನು, ತೋರಿಸಿ, "ಹಾಲು ಉಣ್ಣಾವ್ರೂ ಮೀನು ಉಣ್ಣಾವ್ರೂ ಒಂದ ಸಾಲಿನವ್ರು. ಅವ್ರು ಹೊರಗಿದ್ರ ನೀವೂ ಹೊರಗ, ನೀವು ಒಳಗಿದ್ರ ಅವ್ರೂ ಒಳಗ" ಎಂದು ತೀರ್ಪು ಕೊಟ್ಟರು.

ಒಳಬಾಗಿಲಲ್ಲಿ ಗೊಲ್ಲಾಳಮ್ಮನ ಕಣ್ಣುಗಳು ತುಂಬಿದವು. ನನ್ನ ಮನೆಯಲ್ಲಿ ನಾನೇ ಹೊರಗೆ ಕೂಡುವುದುಂಟೇ ಎಂದು ಅಮರಪ್ಪನನ್ನು ಒಳಗೆ ಕರೆದೆ. ಅವನು ಚಾಪೆಯ ಮೇಲೆ ತುಸು ಸರಿದು, "ಬರ್ರಿ, ಜಾಗ ಐತ್ರಿ. ಈ ಸಾಲಿಗೆ ನಾ ಹಳಬ" ಎಂದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುತ್ತಾರೆ. ಇಲ್ಲಿ ಎಮ್ಮೆ ಹಾಲು ಕೊಟ್ಟರೆ ಯಜಮಾನನಿಗೆ ಬರೆ.

ಅಷ್ಟರಲ್ಲಿ ನನ್ನ ಹೆಂಡತಿ ಪಾರ್ವತಿಬಾಯಿ "ಜರಾ ತಡೀರಿ" ಎಂದವಳೇ ಕುಸುಬಿ ಅರೆದು, ಬೀಗರ ಕಣ್ಣೆದುರೇ ಬಟ್ಟೆಯಲ್ಲಿ ಹಿಂಡಿ ಹಾಲು ತೆಗೆದು, ಬೆಲ್ಲ ಹಾಕಿ ಹುಗ್ಗಿ ಕುದಿಸಿದಳು. ಬಸವಂತ್ರಾಯರು ಅದನ್ನು ಮೂರು ಸಲ ಬಡಿಸಿಕೊಂಡು, ಮನೆಯಲ್ಲಿಯೂ ಮದುವೆಯೂಟದಲ್ಲಿಯೂ ಹನಿ ಹಾಲು ಬೀಳಕೂಡದು ಎಂಬ ಒಂದೇ ಷರತ್ತಿನ ಮೇಲೆ ಸಂಬಂಧ ಒಪ್ಪಿದರು. ಮಗಳು ನಗುತ್ತಿದ್ದಾಳೆ. ಅಂದಿನಿಂದ ನಮ್ಮ ಮನೆಯಲ್ಲಿ ಕಡಗೋಲು ಮೂಲೆ ಸೇರಿದೆ, ನಾನು ಮೊಸರಿಲ್ಲದೆ ರೊಟ್ಟಿ ನುಂಗುತ್ತಿದ್ದೇನೆ.

ಆದ್ದರಿಂದ ತಾವು ದೊಡ್ಡ ಮನಸ್ಸು ಮಾಡಿ, ಇನ್ನು ಮುಂದೆ ಹೊಟ್ಟೆಯ ಹಾದಿ ಬಿಟ್ಟು ತಾವು ಮೇಯುವ ಜೋಳದ ಕಣಿಕೆಯಿಂದ ನೇರವಾಗಿ ತುಪ್ಪ ಇಳಿಸಿಕೊಡಬೇಕು. ಅದಾಗದಿದ್ದರೆ, ಹಾಲನ್ನು ಸ್ವಂತ ಖುಷಿಯಿಂದ ಬಿಟ್ಟುಕೊಟ್ಟಿದ್ದೇನೆಂದು ತಮ್ಮ ಕರುವಿನಿಂದ ಗೊರಸು ಒತ್ತಿಸಿದ ಒಪ್ಪಿಗೆಯನ್ನಾದರೂ ತಂದುಕೊಡಬೇಕೆಂದು ಪ್ರಾರ್ಥನೆ.

ಮೊಸರಿನಿಂದ ಅಗಲಿದ,
ತಮ್ಮ ವಿಶ್ವಾಸಿ
ಸೂಗಪ್ಪ

ತಾ.ಕ.: ಕುಸುಬಿಯ ಹಿಂಡಿ ತಿಂದ ಮೇಲೆ ತಾವು ಎಂದಿಗಿಂತ ಹೆಚ್ಚು ಹಾಲು ಕೊಡುತ್ತಿರುವುದು ನನ್ನನ್ನು ಹಂಗಿಸಲೆಂದೇ. ಅದನ್ನು ಬಣವೆಯ ಹಿಂದೆ ನಾನೂ ಅಮರಪ್ಪನೂ ಒಂದೇ ಚರಿಗೆಯಿಂದ ಕುಡಿಯುವುದನ್ನು ಕಂಡೂ ಕಾಣದಂತಿದ್ದೀರಿ, ಉಪಕಾರ. ಕರುವಿಗೆ ಮಾತ್ರ ಬಾಯಿ ಬಿಡಬೇಡಿ, ಅದೀಗ ಬೀಗರ ಕಡೆಯದು.